ಹನ್ನೆರಡು ಕಿಲೋ ಮರಳು

"ಎಂಟೇ ಕಿಲೋ ಹಾಕಿದ್ದೀರಿ ತಾನೇ?" ಎಂದು ಅಪ್ಪ ಕೇಳಿದರು. ಚೀಲದಂಗಡಿಯ ಯಜಮಾನ, ಅಪ್ಪನ ಜೊತೆ ಬಂದಿದ್ದ ಮಗಳ ಮುಖ ನೋಡಿದ. ಮಗಳು ಗೋಡೆಯ ಗಡಿಯಾರ ನೋಡಿದಳು.

"ಎಂಟೇ," ಎಂದ ಯಜಮಾನ. ಒಳಗಿದ್ದ ಮರಳಿನ ಪೊಟ್ಟಣಗಳು ಹನ್ನೆರಡು ಕಿಲೋ ತೂಗುತ್ತಿದ್ದವು.

ಆ ಅಂಗಡಿಯ ಪದ್ಧತಿಯೇ ಬೇರೆ. ಕ್ಯಾಮೆರಾ ಚೀಲ ಕೊಳ್ಳಲು ಬಂದವರನ್ನು ಯಜಮಾನ ಕನ್ನಡಿಯ ಮುಂದೆ ನಿಲ್ಲಿಸುವುದಿಲ್ಲ. ಕ್ಯಾಮೆರಾ, ಲೆನ್ಸು, ನೀರು, ಸ್ವೆಟರು ಎಲ್ಲ ಸೇರಿ ಎಷ್ಟಾಗುತ್ತದೋ ಅಷ್ಟು ಮರಳನ್ನು ಚೀಲದೊಳಗಿನ ಮೆತ್ತನೆಯ ಗೂಡುಗಳಲ್ಲಿ ತುಂಬಿ, ಬೆನ್ನಿಗೇರಿಸಿ, ಹಿಂದಿನ ಮೆಟ್ಟಿಲುಗಳಲ್ಲಿ ಮೂರು ಮಹಡಿ ಹತ್ತಿಸಿ ಇಳಿಸುತ್ತಾನೆ. "ದೇವರು ಬೆನ್ನಿಗೆ ಕಣ್ಣು ಕೊಡ್ಲಿಲ್ಲ, ಆದ್ರೆ ಸುಳ್ಳು ಹೇಳೋ ನಾಲಿಗೇನೂ ಕೊಡ್ಲಿಲ್ಲ. ಯಾವ ಚೀಲ ಬೇಕು ಅಂತ ಅದೇ ಹೇಳುತ್ತೆ ಬಿಡಿ," ಎನ್ನುತ್ತಾನೆ.

ಅಪ್ಪನ ಬೆನ್ನು 'ಆಗುವುದಿಲ್ಲ' ಎನ್ನಲಿ ಎಂಬುದೊಂದೇ ಮಗಳ ಪ್ರಾರ್ಥನೆ. ಎರಡು ವರ್ಷದ ಕೆಳಗೆ ಅಪ್ಪ ಅಮ್ಮ ಜೊತೆಯಾಗಿ ಹೋಗಿದ್ದ ಬೆಟ್ಟಕ್ಕೆ ಅಪ್ಪ ಈಗ ಒಬ್ಬರೇ ಹೊರಟಿದ್ದರು. ಅಂದು ಇಳಿಯುವ ದಾರಿಯಲ್ಲಿ ಮೋಡ ಚೆನ್ನಾಗಿ ಕಟ್ಟಿತ್ತಂತೆ. "ನೀನು ಮುಂದೆ ನಡಿ, ಒಂದು ಫೋಟೋ ತೆಗೆದು ಬಂದೆ," ಎಂದರಂತೆ. ಅಮ್ಮ ತಿರುವು ದಾಟಿದ್ದನ್ನು ನೋಡಿದ್ದೇ ಕೊನೆ. ಐದು ದಿನ ಹುಡುಕಿದವರಿಗೆ ಅವಳ ಊರುಗೋಲು ಮಾತ್ರ ಸಿಕ್ಕಿತು, ಯಾರೋ ಬಂಡೆಗೆ ಜೋಪಾನವಾಗಿ ಒರಗಿಸಿಟ್ಟ ಹಾಗೆ. ಅಂದಿನಿಂದ ಕ್ಯಾಮೆರಾ ಮುಟ್ಟದಿದ್ದ ಅಪ್ಪ ಕಳೆದ ವಾರ ಅದನ್ನು ತೆಗೆದು ಒರೆಸಿದರು. ಬೇಡವೆಂದು ಅತ್ತು ಸೋತ ಮಗಳು ಕೊನೆಗೆ ಒಂದು ಕರಾರಿಗೆ ಒಪ್ಪಿಸಿದ್ದಳು. ಅಂಗಡಿಯ ಮೂರು ಮಹಡಿ ನಿಲ್ಲದೆ ಹತ್ತಿದರೆ ಬೆಟ್ಟಕ್ಕೆ ಹೋಗಬಹುದು, ನಡುವೆ ಕೂತರೆ ಇಲ್ಲ. ಅಪ್ಪನ ಸೊಂಟಕ್ಕೆ ಡಾಕ್ಟರು ಹಾಕಿದ್ದ ಮಿತಿ ಎಂಟು ಕಿಲೋ. ನಾಲ್ಕು ಕಿಲೋ ಹೆಚ್ಚು ತುಂಬಲು ಯಜಮಾನನಿಗೆ ಗುಟ್ಟಾಗಿ ಹೇಳಿದವಳು ಮಗಳೇ.

"ಏನಮ್ಮಾ ಇದು, ಅವರ ಸೊಂಟ ಹಿಡ್ಕೊಂಡ್ರೆ ಪಾಪ ನನ್ನ ತಲೆಗೆ," ಅಪ್ಪ ಮೆಟ್ಟಿಲ ಕಡೆ ಹೋದ ಮೇಲೆ ಯಜಮಾನ ಪಿಸುಗುಟ್ಟಿದ.

"ಹತ್ತನೇ ಮೆಟ್ಟಿಲಿಗೇ ಕೂತ್ಬಿಡ್ತಾರೆ, ನೋಡ್ತಿರಿ."

ಅಪ್ಪ ಕೂರಲಿಲ್ಲ. ತುದಿಯವರೆಗೆ ಹತ್ತಿ ಇಳಿದು ಬಂದಾಗ ಮುಖ ಬೆಳಗಿತ್ತು. "ಹತ್ತೋವಾಗ ಹೂವು ಹೊತ್ತ ಹಾಗಿತ್ತು ಕಣಯ್ಯಾ. ಇಳಿಯೋವಾಗಲೇ ಭಾರ."

"ಎಲ್ಲರೂ ಇದನ್ನ ಉಲ್ಟಾ ಹೇಳ್ತಾರೆ ಸ್ವಾಮೀ." ಯಜಮಾನ ಅಪ್ಪನ ಬೆನ್ನಿನ ಮೇಲಿದ್ದ ಕರಿ ಚೀಲ ಬಿಚ್ಚಿಸಿ, ಅದೇ ಮರಳು ತುಂಬಿ, ಸೊಂಟಕ್ಕೆ ಅಗಲ ಪಟ್ಟಿಯಿದ್ದ ಬೂದು ಚೀಲ ಕೊಟ್ಟು ಮತ್ತೆ ಹತ್ತಿಸಿದ. ಅದೂ ಹೂವು. ಬೆನ್ನಿಗೆ ಗಾಳಿಯಾಡುವ ಹಸಿರು ಚೀಲ ಕೊಟ್ಟ. ಅದೂ ಹೂವು. "ಮೂರೂ ಹೂವೇ ಆದ್ರೆ ಆರಿಸೋದು ಹೇಗೆ? ನಾನೇನು ಹೂವಿನಂಗಡಿ ಇಟ್ಟಿದ್ದೀನಾ?" ಎಂದು ನಗುತ್ತಲೇ, ಮರಳು ಸೋರಿರಬೇಕೆಂದು, ಅಪ್ಪನಿಗೆ ಕಾಣದಂತೆ ಹಸಿರು ಚೀಲವನ್ನು ತಕ್ಕಡಿಯ ಕೊಕ್ಕೆಗೆ ತೂಗುಹಾಕಿದ. ಮುಳ್ಳು ಹನ್ನೆರಡಕ್ಕೆ ಹೋಗಿ ನಿಂತಿತು. ನಗು ಅಲ್ಲಿಗೇ ನಿಂತಿತು.

ಮಗಳು ಮುಳ್ಳನ್ನೂ ಅಪ್ಪನ ಬೆನ್ನನ್ನೂ ನೋಡಿದಳು. ಬೆಟ್ಟ ಹತ್ತುವಾಗ ಅಮ್ಮ ಸದಾ ಅಪ್ಪನ ಹಿಂದೆ ಇರುತ್ತಿದ್ದಳು. ಅಂಗೈಯನ್ನು ಚೀಲದ ತಳಕ್ಕೆ ಕೊಟ್ಟು ಎತ್ತಿ ಹಿಡಿದೇ ಹತ್ತುತ್ತಿದ್ದಳು. ಇಳಿಯುವಾಗ ಅಪ್ಪನ ಮುಂದೆ. ಬಿದ್ದರೆ ನನ್ನ ಮೇಲೇ ಬೀಳಲಿ ಎಂದು ನಗುತ್ತಿದ್ದಳು.

"ಇನ್ನೊಂದ್ಸಲ ಹತ್ತಪ್ಪ. ನಾನೂ ಹಿಂದೆ ಬರ್ತೀನಿ."

ಒಬ್ಬರು ಹೋಗುವಷ್ಟೇ ಅಗಲದ ಮೆಟ್ಟಿಲು. ಪ್ರತಿ ತಿರುವಿನಲ್ಲೂ ಒಂದು ಕಿಟಕಿ, ಅದರೊಳಗಿಂದ ಮಧ್ಯಾಹ್ನದ ಬಿಸಿಲು. ಮೊದಲ ತಿರುವು ದಾಟಿದ ಮೇಲೆ ಮಗಳು ಧೈರ್ಯ ಮಾಡಿ ಚೀಲದ ಕೆಳಗೆ ಕೈ ಕೊಟ್ಟಳು. ಮರಳು ತುಂಬಿದ ತಳ ಜೋತಿರಲಿಲ್ಲ. ಯಾರೋ ಕೆಳಗಿನಿಂದ ಎತ್ತಿ ಹಿಡಿದಂತೆ ಒಂದು ಅಂಗೈಯಗಲ ಒಳಕ್ಕೆ ತಗ್ಗಾಗಿತ್ತು. ಬಟ್ಟೆ ಬೆಚ್ಚಗಿತ್ತು. ಇನ್ನೊಬ್ಬರ ತಟ್ಟೆಗೆ ತಪ್ಪಿ ಕೈ ಹಾಕಿದವಳಂತೆ ಅವಳು ಸರಕ್ಕನೆ ಕೈ ಹಿಂದೆಗೆದಳು. ಮನಸ್ಸಿನಲ್ಲೇ ದೇವರನ್ನು ನೆನೆದಳು. ಕಾಪಾಡು ಎನ್ನಬೇಕೋ, ನಿನ್ನ ದಯೆ ಎನ್ನಬೇಕೋ ಅವಳಿಗೆ ತಿಳಿಯಲಿಲ್ಲ.

ತುದಿಯಲ್ಲಿ ಇಬ್ಬರೂ ನಿಂತರು. ಅಪ್ಪ ಮೆಟ್ಟಿಲ ಕಡೆ ತಿರುಗಿ, ಗೋಡೆಗೆ ಸರಿದು ದಾರಿ ಬಿಟ್ಟರು.

"ನೀನು ಮುಂದೆ ನಡಿ," ಎಂದರು. ಆಮೇಲೆ ದನಿ ತಗ್ಗಿತು. "ಈ ಸಲ ತಿರುವು ದಾಟ್ಬೇಡ. ನನಗೆ ಕಾಣೋ ಹಾಗೆ ಇರು."

"ಹೂಂ ಅಪ್ಪ," ಎಂದು ಮಗಳು ಒಂದು ಮೆಟ್ಟಿಲು ಇಳಿದಳು. ಅಪ್ಪ ಅವಳ ರಟ್ಟೆ ಹಿಡಿದು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡರು.

"ನಿನಗೆ ಹೇಳಿದ್ದಲ್ಲ, ಪುಟ್ಟೀ."

ಒಬ್ಬರು ಹಾದುಹೋಗುವಷ್ಟು ಹೊತ್ತು ಅವರು ಅವಳನ್ನೂ ಗೋಡೆಗೆ ಸರಿಸಿಕೊಂಡು ನಿಂತರು. ಮರುಗಳಿಗೆ ಚೀಲದ ಪಟ್ಟಿಗಳು ಕಿರ್ರೆಂದವು, ತಳ ಜೋತಿತು, ಅಪ್ಪ ಬಾಗಿದರು. ಮಗಳ ಎರಡೂ ಅಂಗೈಗಳು ತಾವಾಗಿಯೇ ಚೀಲದ ಕೆಳಗೆ ಹೋದವು. ಹನ್ನೆರಡು ಕಿಲೋ ಅವುಗಳ ಮೇಲೆ ಬಂದು ಕೂತಿತು.

"ಏನಮ್ಮಾ, ಹಸಿರೇ ಆಯ್ತಾ?" ಕೆಳಗಿನಿಂದ ಯಜಮಾನ ಕೂಗಿದ.

"ಆಯ್ತು. ನನ್ನ ಅಳತೆಗೂ ಒಂದು ತೆಗೆದಿಡಿ," ಎಂದಳು ಮಗಳು. ಅವಳ ಕಣ್ಣು ಕೆಳಗಿನ ತಿರುವಿನ ಮೇಲಿತ್ತು. ಅಲ್ಲಿನ ಬಿಸಿಲಿನಲ್ಲಿ ಒಂದು ನೆರಳು, ದಾಟದೆ, ಕಾಯುತ್ತ ನಿಂತಿತ್ತು.