ಎಡ ಮೊಣಕಾಲು

ಬೇಸಿಗೆ ಮುಗಿಯುತ್ತಿದ್ದ ಕಾಲ, ಬಿಸಿಲು ಇನ್ನೂ ಏರದ ಬೆಳಗಿನ ಹೊತ್ತು. ಸ್ಪೇನಿನ ದೊಡ್ಡ ಫುಟ್‌ಬಾಲ್ ಕ್ಲಬ್ಬೊಂದರ ವೈದ್ಯರ ಕೋಣೆಯ ಹೊರಗೆ ನಾನೂ ನನ್ನ ಮಗನೂ ಕಾದು ಕುಳಿತಿದ್ದೆವು. ಹತ್ತು ಹನ್ನೆರಡು ವರ್ಷ ಸಣ್ಣ ಊರುಗಳ ತಂಡಗಳಲ್ಲಿ ಡಿಫೆಂಡರ್ ಆಗಿ ಬೆವರು ಹರಿಸಿದವನು ಅವನು. ಈಗ ಈ ಕ್ಲಬ್ಬು ಕರೆದಿತ್ತು. ವೈದ್ಯರು ಒಪ್ಪಿದರೆ ಸಂಜೆಗೆ ಒಪ್ಪಂದಕ್ಕೆ ಸಹಿ. ಆದರೆ ಚಳಿಗಾಲದಿಂದ ಅವನ ಎಡ ಮೊಣಕಾಲು ನೋಯುತ್ತಿತ್ತು. ಅದನ್ನು ನಾವಿಬ್ಬರೂ ಮುಚ್ಚಿಟ್ಟಿದ್ದೆವು.

“ಕುಂಟಬೇಡ ಮತ್ತೆ,” ಎಂದೆ.

“ನೀನು ಹೀಗೆ ಕಾಲನ್ನೇ ನೋಡ್ತಾ ಕೂತ್ರೆ ಬಾಗಿಲು ಕಾಯೋನಿಗೂ ಗೊತ್ತಾಗುತ್ತೆ, ಅಪ್ಪ.”

“ನೋವಿದೆಯಾ ಅಂತ ಕೇಳಿದ್ರೆ?”

“ನೋವು ಅಂದ್ರೇನು ಸಾರ್ ಅಂತೀನಿ.”

ಅವನನ್ನು ಒಳಗೆ ಕರೆದರು. ಗಾಜಿನಾಚೆ ಎಲ್ಲ ಕಾಣುತ್ತಿತ್ತು. ಕಾಲು ಮಡಚಿ ನೋಡಿದರು, ಎದೆಗೆ ತಂತಿ ಅಂಟಿಸಿ ಯಂತ್ರದ ಮೇಲೆ ಓಡಿಸಿದರು. ಓಟವನ್ನು ಅರ್ಧಕ್ಕೇ ನಿಲ್ಲಿಸಿದರು. ಇನ್ನೊಬ್ಬ ವೈದ್ಯರು ಬಂದರು. ಯಾರೋ ಪರದೆ ಎಳೆದರು. ಮೊಣಕಾಲು ಸಿಕ್ಕಿಬಿತ್ತು ಎಂದುಕೊಂಡೆ.

ಬಹಳ ಹೊತ್ತಿನ ಮೇಲೆ ನನ್ನನ್ನೂ ಕರೆದರು.

“ಮೊಣಕಾಲು ಸ್ವಲ್ಪ ಸವೆದಿದೆ,” ಎಂದರು ಹಿರಿಯ ವೈದ್ಯರು. “ಅದು ದೊಡ್ಡ ವಿಷಯವಲ್ಲ.”

ಮಗ ನನ್ನತ್ತ ನೋಡಿ ನಕ್ಕ. “ಹಾಗಾದ್ರೆ ಸಂಜೆ ಸಹಿ ಮಾಡಬಹುದಲ್ಲ?”

ವೈದ್ಯರು ಕುರ್ಚಿಯೊಂದನ್ನು ಎಳೆದು ನನ್ನನ್ನು ಕೂರಿಸಿದರು.

“ನಿಮ್ಮ ಮನೆತನದಲ್ಲಿ ಸಣ್ಣ ವಯಸ್ಸಿಗೇ ಹೃದಯ ನಿಂತು ತೀರಿಹೋದವರು ಯಾರಾದರೂ ಇದ್ದಾರಾ?”

“ನನ್ನ ತಮ್ಮ ಹೋದ,” ಎಂದೆ. “ಒಂದು ಭಾನುವಾರ, ಆಡ್ತಾ ಆಡ್ತಾ ಮೈದಾನದಲ್ಲೇ.”