ನಾಲ್ಕೂ ಕಡೆ ಬೋರ್ಡು

"ಈ ಕೋಣೆಗೆ ಇನ್ಮೇಲೆ ಹಿಂದು ಮುಂದು ಅಂತಿಲ್ಲ," ಎಂದು ತರಗತಿಯನ್ನು ಹೊಸದಾಗಿ ಸಜ್ಜುಗೊಳಿಸಿದ ವಿನ್ಯಾಸಗಾರ್ತಿ ಹೆಮ್ಮೆಯಿಂದ ಹೇಳಿದಾಗ ವಿಜ್ಞಾನದ ಮೇಷ್ಟ್ರಿಗೆ ಎದೆ ಧಸಕ್ಕೆಂದಿತು. ನಾಲ್ಕೂ ಗೋಡೆಗೆ ಬೋರ್ಡು. ಮೂರು ಮೂಲೆಯ ಮೇಜುಗಳನ್ನು ಜೋಡಿಸಿ ಅಲ್ಲೊಂದು ಇಲ್ಲೊಂದು ಗುಂಪು. ಕುರ್ಚಿಗಳಿಗೆಲ್ಲ ಚಕ್ರ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಲಿಯಬೇಕಂತೆ. ಒಳ್ಳೆಯ ಮಾತೇ, ಆದರೆ ಅರ್ಧ ತರಗತಿಯ ಬೆನ್ನು ಮೇಷ್ಟ್ರ ಕಡೆಗಿತ್ತು, ಮತ್ತು ಬೆನ್ನಿಗೆ ತುಟಿ ಇರುವುದಿಲ್ಲ.

ಮೇಷ್ಟ್ರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಸ್ವಲ್ಪ ಮಂದ ಅಂತಲ್ಲ, ಪಕ್ಕದಲ್ಲೇ ತಗಡಿನ ಡಬ್ಬ ಬಿದ್ದರೂ ತಿರುಗುತ್ತಿರಲಿಲ್ಲ. ತುಟಿ ಓದಿಕೊಂಡೇ ಸಂಸಾರ, ಪಾಠ ಎರಡನ್ನೂ ತೂಗಿಸಿಕೊಂಡು ಬಂದಿದ್ದರು. ತಮಾಷೆಯೆಂದರೆ, ಕೊನೆಯ ಬೆಂಚಿನ ಪಿಸುಮಾತನ್ನೂ ಹಿಡಿಯುತ್ತಿದ್ದುದರಿಂದ ಶಾಲೆಯಲ್ಲಿ ಅವರಿಗೆ ಭಾರೀ ಚುರುಕು ಕಿವಿಯವರೆಂಬ ಹೆಸರಿತ್ತು. ಹೆಡ್ ಮಾಸ್ಟರ ಮಾತು ಮಾತ್ರ ದಪ್ಪ ಮೀಸೆಯ ಹಿಂದೆ ಅಡಗಿ ಇಷ್ಟು ವರ್ಷ ಒಂದಕ್ಷರವೂ ದಕ್ಕಿರಲಿಲ್ಲ. ಅದರಿಂದ ನಷ್ಟವೇನೂ ಆದಂತಿರಲಿಲ್ಲ. ಆದರೆ ಹೊಸ ಕೋಣೆಗೆ ಹೊಂದಿಕೊಳ್ಳದವರನ್ನು ಪಾಠದಿಂದ ಬಿಡಿಸಿ ಶಾಲೆಯ ಉಗ್ರಾಣ ಕಾಯಲು ಹಾಕುತ್ತಾರೆ ಎಂದು ಗಣಿತದ ಟೀಚರು ಹೇಳಿದಾಗಿನಿಂದ ಅವರಿಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲ. ಪಾಠ ಬಿಟ್ಟರೆ ಅವರಿಗೆ ಬೇರೆ ಲೋಕವಿರಲಿಲ್ಲ.

ಮೊದಲ ಪಾಠ ನೋಡಲು ಹೆಡ್ ಮಾಸ್ಟರು, ವಿನ್ಯಾಸಗಾರ್ತಿ ಇಬ್ಬರೂ ಕೈಕಟ್ಟಿ ನಿಂತರು. "ಗಾಳಿ ಯಾಕೆ ಬೀಸುತ್ತೆ?" ಎಂದು ಮೇಷ್ಟ್ರು ಕೇಳಿದರು. ಎಡಗಡೆಯ ಗುಂಪಿನಲ್ಲಿ ಒಂದು ಬೆನ್ನು ಅಲುಗಿತು, ಕೈ ಮೇಲೆದ್ದಿತು. ಉತ್ತರ ಬಂದಿರಬೇಕು. ದೇವರ ಮೇಲೆ ಭಾರ ಹಾಕಿ ಮೇಷ್ಟ್ರು, "ಭೇಷ್! ಸರಿಯಾದ ಉತ್ತರ. ಎಲ್ರೂ ಬರ್ಕೊಳ್ಳಿ," ಎಂದರು.

ಮಕ್ಕಳು ಮುಖ ಮುಖ ನೋಡಿಕೊಂಡರು. ವಾಚಾಳಿ ಎಂದು ಹೆಸರು ಮಾಡಿದ್ದ ಹುಡುಗಿ ಕುರ್ಚಿ ಸಮೇತ ಸರ್ರನೆ ತಿರುಗಿ, "ಸರ್, ಅವನು ಒಂದಕ್ಕೆ ಹೋಗ್ಬೇಕಂತೆ," ಎಂದಳು.

ಹೆಡ್ ಮಾಸ್ಟರ ಹುಬ್ಬು ಮೇಲೇರಿತು. ಉಗ್ರಾಣದ ಜಿರಳೆಗಳೆಲ್ಲ ಮೇಷ್ಟ್ರ ಕಣ್ಣ ಮುಂದೆ ಬಂದು ನಿಂತವು.

ಅಷ್ಟರಲ್ಲಿ ವಾಚಾಳಿ ಗುಂಪಿನಿಂದ ಗುಂಪಿಗೆ ಕುರ್ಚಿ ಉರುಳಿಸಿಕೊಂಡು ಹೋಗಿ ಏನೋ ಗುಸುಗುಸು ನಡೆಸಿದಳು. ಮೇಜುಗಳು ಬೇರೆಯಾದವು, ಕುರ್ಚಿಗಳು ಓಡಾಡಿದವು. ನೋಡನೋಡುತ್ತಿದ್ದಂತೆ ಇಡೀ ತರಗತಿ ಅಜ್ಜನ ಕಾಲದ ಹಾಗೆ ಸಾಲಾಗಿ, ಮೇಷ್ಟ್ರ ಕಡೆ ಮುಖ ಮಾಡಿ ಕೂತಿತ್ತು.

"ಅಯ್ಯೋ, ಯಾರು ನಿಮಗೆ ಹೀಗೆ ಸಾಲಾಗಿ ಕೂತ್ಕೊಳ್ಳಿ ಅಂದಿದ್ದು?" ವಿನ್ಯಾಸಗಾರ್ತಿಗೆ ಅಳು ಬರುವುದೊಂದು ಬಾಕಿ.

"ಯಾರೂ ಇಲ್ಲ ಮೇಡಂ. ಹೇಗೆ ಬೇಕೋ ಹಾಗೆ ಜೋಡಿಸ್ಕೊಳ್ಳಿ ಅಂತ ನೀವೇ ಹೇಳಿದ್ರಲ್ಲ? ಎಲ್ರೂ ಸೇರಿ ಚರ್ಚೆ ಮಾಡಿದ್ವಿ. ಹೀಗೇ ಬೇಕು ಅಂತಾಯ್ತು," ಎಂದಳು ವಾಚಾಳಿ. ಆಮೇಲೆ ಮೇಷ್ಟ್ರ ಕಡೆ ತಿರುಗಿ, "ಸರ್, ಇವರಿಬ್ಬರು ಯಾವಾಗ ತೊಲಗ್ತಾರೆ?" ಎಂದಳು.

ಮೇಷ್ಟ್ರ ಜೀವ ಬಾಯಿಗೆ ಬಂತು. ಹೆಡ್ ಮಾಸ್ಟರು ಅವಳ ಪಕ್ಕದಲ್ಲೇ, ಕೈಯಳತೆಯಲ್ಲಿ ನಿಂತಿದ್ದರು. ಇನ್ನೇನು ಸಿಡಿಲು ಬಡಿಯಿತು ಎಂದುಕೊಂಡರೆ, ಅವರು ತಮ್ಮ ಪಾಡಿಗೆ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ವಿನ್ಯಾಸಗಾರ್ತಿ ತಾನು ಮಾಡಿಸಿದ ಮೇಜಿನ ಮೂಲೆಯನ್ನು ಸಂಕಟದಿಂದ ಸವರುತ್ತಿದ್ದಳು. ಇಬ್ಬರೂ ತಿರುಗಿ ಕೂಡ ನೋಡಲಿಲ್ಲ. ಅಂದರೆ ಹುಡುಗಿ ದನಿಯನ್ನೇ ತೆಗೆದಿರಲಿಲ್ಲ, ಬರೀ ತುಟಿ ಆಡಿಸಿದ್ದಳು. ಮೇಷ್ಟ್ರು ಒಂದೊಂದೇ ಮುಖ ನೋಡುತ್ತ ಹೋದರು. ಅವರ ಕಿವಿಯ ಗುಟ್ಟು ಮಕ್ಕಳೆಲ್ಲರಿಗೂ ಗೊತ್ತಿತ್ತು, ಯಾವ ಕಾಲದಿಂದಲೋ. ಅವರಿಗೆ ನಾಚಿಕೆಯಾಯಿತು, ಜೊತೆಗೇ ಎದೆಯ ಮೇಲಿನ ಭಾರ ಇಳಿದು ಹಾಯೆನಿಸಿತು.

ಅವರೂ ದನಿ ತೆಗೆಯದೆ ತುಟಿ ಆಡಿಸಿದರು: "ಇನ್ನೈದು ನಿಮಿಷ. ತಡ್ಕೊಳ್ಳಿ."

ಇಡೀ ತರಗತಿ ತಲೆಯಾಡಿಸಿತು.