ಡಬ್ಬಿ ಇಲ್ಲದೆ ಒಂದ್ಸಲ

“ಮೂರೂ ಕೇಳ್ದೆ ಸಾರ್. ಈಗ ಈ ಡಬ್ಬಿ ಯಾವುದೂ ಇಲ್ದೆ ಒಂದ್ಸಲ ಬಾರಿಸಿ. ಆವಾಗ ತಾನೆ ವ್ಯತ್ಯಾಸ ಗೊತ್ತಾಗೋದು?”

ನಾಗರಾಜು ಕೇಳಿದ್ದು ಇಷ್ಟೇ. ಉಲ್ಲಾಳದಲ್ಲಿ ಬೋರ್‌ವೆಲ್ ಮೋಟರಿನ ಅಂಗಡಿ ಇಟ್ಟವರು. ಯಾವ ಯಂತ್ರವನ್ನೂ ಮೊದಲು ಲೋಡ್ ಇಲ್ಲದೆ ಓಡಿಸಿ ನೋಡದೆ ಕೊಂಡವರಲ್ಲ. ಮಗಳು ರಮ್ಯ ಕಾಲೇಜಿನ ಬ್ಯಾಂಡಿಗೆ ಸೇರಿದ್ದಳು, ಅವಳ ಗಿಟಾರಿಗೆ ಸದ್ದನ್ನು ಒಡೆದು ಒರಟಾಗಿಸುವ ಡಬ್ಬಿ, ಡಿಸ್ಟಾರ್ಷನ್ ಪೆಡಲ್, ಬೇಕಾಗಿತ್ತು. ಗುರುಗಳನ್ನು ಕೇಳದೆ ಕೊಳ್ಳುವುದು ಸರಿಯಲ್ಲವೆಂದು ಒಂದು ಚಿಪ್ಪು ಬಾಳೆಹಣ್ಣು ಹಿಡಿದು, ಮಾರೇನಹಳ್ಳಿಯ ಬೇಕರಿಯ ಮೇಲಿನ ಈ ಕ್ಲಾಸಿಗೆ ಮಗಳೊಡನೆ ಬಂದಿದ್ದರು.

ಗಿಟಾರ್ ಮಾಸ್ತರ ಗಿರಿರಾಜ್ ಮೂರು ಪೆಡಲ್‌ಗಳನ್ನು ನೆಲದ ಮೇಲೆ ಸಾಲಾಗಿಟ್ಟು, ಒಂದೊಂದನ್ನೇ ಕಾಲಲ್ಲಿ ಒತ್ತಿ ಕೇಳಿಸಿದ್ದ. ಹಸಿರುದು, ಗಂಟಲು ಕಟ್ಟಿದರೂ ಹಾಡು ಬಿಡದ ಗಾಯಕನ ಹಾಗೆ. ಕಿತ್ತಳೆ ಬಣ್ಣದ್ದು, ಹಲ್ಲು ಮಸೆದ ಗರಗಸ. ಕಪ್ಪುದು ಸ್ಪೀಕರನ್ನೇ ಹರಿದುಹಾಕುವಂಥದ್ದು. (“ಇದು ನಮ್ಮ ಹಳೇ ಟಿಲ್ಲರ್ ಥರ ಐತೆ ಸಾರ್,” ಎಂದು ನಾಗರಾಜು ಮೆಚ್ಚಿಕೊಂಡಿದ್ದರು.) ಮೂರೂ ಹಳೇ ಕಾಲದಿಂದ ಹೆಸರು ಮಾಡಿದವು. ಸದ್ದು ಎಷ್ಟು ಒಡೆಯಬೇಕೆಂದು ಗೊತ್ತುಮಾಡುವ ಗೇನ್ ತಿರುಪನ್ನು ಯಾವತ್ತೂ ಅರ್ಧಕ್ಕಿಂತ ಮೇಲೆ ಒಯ್ಯಬಾರದೆಂದು ಗಿರಿರಾಜ್ ಬುದ್ಧಿ ಹೇಳಿದ. ಅವನ ಮೂರೂ ಪೆಡಲ್‌ಗಳ ತಿರುಪು ಬಲಕ್ಕೆ ಇನ್ನು ತಿರುಗದಷ್ಟು ತಿರುಗಿತ್ತು. ನಾಗರಾಜು ಅದನ್ನು ನೋಡಲಿಲ್ಲ, ರಮ್ಯ ನೋಡಿದಳು.

“ಪೆಡಲ್ ಇಲ್ದೆ, ಕ್ಲೀನ್ ಸೌಂಡಾ ಸಾರ್?” ಎಂದ ಗಿರಿರಾಜ್. “ಅದ್ರಲ್ಲೇನಿರುತ್ತೆ, ಬರೀ ಸಪ್ಪೆ.”

“ಸಪ್ಪೇನೇ ಇರ್ಲಿ ಬಿಡಿ. ಉಪ್ಪು ಎಷ್ಟು ಹಾಕ್ಬೇಕು ಅಂತ ಸಪ್ಪೆ ತಿಂದ್ಮೇಲೆ ಗೊತ್ತಾಗ್ತದೆ.”

“ಅಲ್ಲ, ಈಗ ಮುಂದಿನ ಬ್ಯಾಚ್ ಬರೋ ಟೈಮು...”

“ಭಾನುವಾರ ಬ್ಯಾಚ್ ಇರಲ್ಲ ಸರ್,” ಎಂದಳು ರಮ್ಯ. ಕುತೂಹಲ ಅವಳಿಗೂ ಇತ್ತು. ಇಷ್ಟು ದಿನದಲ್ಲಿ ಮಾಸ್ತರು ಪೆಡಲ್ ಇಲ್ಲದೆ ನುಡಿಸಿದ್ದನ್ನು ಅವಳು ಒಮ್ಮೆಯೂ ಕೇಳಿರಲಿಲ್ಲ.

ಕೇಳಿಸಬಾರದೆಂದೇ ಅವನು ಕೇಳಿಸಿರಲಿಲ್ಲ. ಆರ್ಕೆಸ್ಟ್ರಾದಲ್ಲಿದ್ದ ವರ್ಷಗಳಲ್ಲಿ ವಿಜಯನಗರದಿಂದ ಕೆಂಗೇರಿಯವರೆಗಿನ ಗಣೇಶನ ಪೆಂಡಾಲುಗಳಲ್ಲಿ ಗಿರಿರಾಜನನ್ನು ಕಾಪಾಡಿದ್ದು ಗಣೇಶನಲ್ಲ, ಈ ಪೆಡಲ್. ತಡವಾಗಿ ಬೀಳುವ ಬೆರಳು, ಸ್ವರದ ಹೊಸ್ತಿಲವರೆಗೆ ಬಂದು ಒಳಗೆ ಹೋಗದೆ ನಿಲ್ಲುವ ತಂತಿ, ಎಲ್ಲವೂ ಅದರ ಗರ್ಜನೆಯಲ್ಲಿ ಮುಚ್ಚಿಹೋಗುತ್ತಿತ್ತು. ಕ್ಲಾಸಿನಲ್ಲಿ ಮಾತ್ರ, “ಟೋನ್ ಇರೋದು ಪೆಡಲ್‌ನಲ್ಲಲ್ಲ ಕಣ್ರೋ, ಬೆರಳಲ್ಲಿ!” ಎಂದು ಪಾಠ. ಉಳಿದ ಮಕ್ಕಳು ಅದನ್ನು ಕೇಳಿ ಮರೆತರು. ನಂಬಿ, ಹಟ ಹಿಡಿದು ಬೆರಳು ಪಳಗಿಸಿಕೊಂಡವಳು ರಮ್ಯ ಒಬ್ಬಳೇ. ಅವಳ ಕಿವಿಯೆಂದರೆ ಅವನಿಗೆ ಭಯ. ಮೆಟ್ಟಿಲ ಮೇಲೆ ಅವಳ ಹೆಜ್ಜೆ ಕೇಳಿದರೆ ಸಾಕು, ಕಾಲು ತಾನಾಗಿ ಪೆಡಲ್ ಒತ್ತುತ್ತಿತ್ತು.

ಈಗ ಅದೇ ಕಾಲಿನಿಂದ ಪೆಡಲ್ ಆಫ್ ಮಾಡಿದ. ಪುಟ್ಟ ಕೆಂಪು ದೀಪ ಹೋಯಿತು. ಆಗಷ್ಟೇ ಸಿಂಹದ ಹಾಗೆ ಗರ್ಜಿಸಿದ್ದ ಹಾಡಿನ ತುಣುಕನ್ನೇ ಮತ್ತೆ ನುಡಿಸಿದ. ಎರಡು ಸ್ವರ ಬಂದವು, ಮೂರನೆಯದು ಬರಬೇಕೋ ಬೇಡವೋ ಎಂದು ಯೋಚಿಸಿತು. ಕಿರುಬೆರಳು ಜಾರಿ ತಂತಿ ಟಪ್ಪೆಂದಿತು. ನಡುವಿನ ಖಾಲಿಯಲ್ಲಿ, ಕೆಳಗೆ ಬೇಕರಿಯಲ್ಲಿ ಯಾರೋ ದಿಲ್‌ಪಸಂದ್ ಕೇಳಿದ್ದು ಸ್ಪಷ್ಟವಾಗಿ ಕೇಳಿಸಿತು. ಅಲ್ಲಿಯವರೆಗೆ ಅವನ ಬೆರಳುಗಳನ್ನೇ ನೋಡುತ್ತಿದ್ದ ರಮ್ಯ ಸರಕ್ಕನೆ ಕಣ್ಣು ತಗ್ಗಿಸಿದಳು, ಬೇರೆಯವರ ಮನೆಯಲ್ಲಿ ತಿಳಿಯದೆ ಬಚ್ಚಲ ಬಾಗಿಲು ತಳ್ಳಿದವರ ಹಾಗೆ.

“ಅಯ್ಯಯ್ಯೋ!” ನಾಗರಾಜು ಮರುಕದಿಂದ ಗಿಟಾರನ್ನು ನೋಡಿದರು. “ಡಬ್ಬಿ ಇಲ್ದಿದ್ರೆ ಗಿಟಾರು ಇಷ್ಟು ದರಿದ್ರವಾಗಿ ಕೇಳ್ತದಾ ಸಾರ್?”

ಗಿಟಾರ್ ಅಲ್ಲ ಸಾರ್, ನಾನು. ಇಷ್ಟು ಮಾತು ಗಿರಿರಾಜನ ನಾಲಗೆಯ ತುದಿಯವರೆಗೆ ಬಂತು. ಕಿವಿ ಕಾದ ಕಾವಲಿಯಾಗಿತ್ತು. “ಹೂಂ ಸಾರ್,” ಎಂದ. “ಗಿಟಾರ್ ಅಂದ್ರೆ ಹಾಗೇ.”

“ಏನಮ್ಮಾ, ಹೌದಾ?”

“ಸರ್ ಹೇಳಿದ್ಮೇಲೆ ಮುಗೀತಲ್ಲಪ್ಪಾ,” ಎಂದಳು ರಮ್ಯ, ನೆಲ ನೋಡುತ್ತಲೇ.

“ಸರಿ ಹಂಗಾದ್ರೆ. ಈ ಕರ್ಮನೆಲ್ಲ ಚೆನ್ನಾಗಿ ಮುಚ್ಚಾಕೋದು ಮೂರ್ರಲ್ಲಿ ಯಾವ್ದು ಸಾರ್?”

“ಕಪ್ಪುದು,” ಎಂದ ಗಿರಿರಾಜ್. ಅಂದು ಅವನ ಬಾಯಿಂದ ಹೊರಟ ಮಾತುಗಳಲ್ಲಿ ಅನುಭವದಿಂದ ಬಂದದ್ದು ಅದೊಂದೇ.

ನಾಗರಾಜು ಎದ್ದು ಕೈಮುಗಿದರು. “ದೊಡ್ಡೋರು ಸಾರ್ ನೀವು. ಇಂಥ ಮೊಂಡು ವಾದ್ಯನ ಪಳಗಿಸ್ಕೊಂಡಿದೀರಲ್ಲ! ರಮ್ಯಾ, ಹೊಸ ಸಾಮಾನು ತಗೊಳಕ್ಕೆ ಮುಂಚೆ ಗುರುಗಳ ಕಾಲಿಗೆ ನಮಸ್ಕಾರ ಮಾಡಮ್ಮ.”

“ಬೇಡ, ಬೇಡ,” ಎನ್ನುತ್ತಾ ಗಿರಿರಾಜ್ ಕಾಲು ಹಿಂದಕ್ಕೆ ಎಳೆದುಕೊಂಡ. ಅಷ್ಟರಲ್ಲಿ ರಮ್ಯ ಬಗ್ಗಿಯಾಗಿತ್ತು. ಅವಳ ಕೈಯ ಮುಂದೆ ಪಾದವಿರಲಿಲ್ಲ, ಕಪ್ಪು ಪೆಡಲ್ ಇತ್ತು. ಕೈ ಒಂದು ಕ್ಷಣ ತಡೆಯಿತು. ಆಮೇಲೆ ಅವಳು ಅದನ್ನೇ ಮುಟ್ಟಿ, ಭಕ್ತಿಯಿಂದ ಕಣ್ಣಿಗೊತ್ತಿಕೊಂಡಳು.